ಬಾರದ ದೋಣಿ ಸೊನ್ನೆಯಲ್ಲ

ಐದರಿಂದ ಭಾಗಿಸುವುದೆಂದರೆ ವೆರೊನಿಕಾ ಟೀಚರಿಗೆ ನೀರು ಕುಡಿದಷ್ಟು ಸಲೀಸು. ಭಾಗಿಸುವುದಾದರೂ ಎಂತಕ್ಕೆ ಮಾರಾಯ್ರೆ? ಸಂಖ್ಯೆಯನ್ನು ಎರಡು ಪಟ್ಟು ಮಾಡಿ, ಕೊನೆಯ ಅಂಕೆಗಿಂತ ಮೊದಲು ಒಂದು ಚುಕ್ಕಿ ಇಟ್ಟರೆ ಆಯಿತಲ್ಲ! ನೂರೈವತ್ತೊಂಬತ್ತರ ಎರಡು ಪಟ್ಟು ಮುನ್ನೂರ ಹದಿನೆಂಟು, ಒಂದು ಚುಕ್ಕಿ, ಮೂವತ್ತೊಂದು ದಶಾಂಶ ಎಂಟು. ಮಕ್ಕಳು ಕಾಗದ ಪೆನ್ನು ಹುಡುಕುವಷ್ಟರಲ್ಲಿ ಟೀಚರ್ ಉತ್ತರ ಹೇಳಿಬಿಡುತ್ತಿದ್ದರು. ಅವರಿಗೆ ಅದರ ಜಂಬವೂ ಸ್ವಲ್ಪ ಇತ್ತು, ಇಲ್ಲವೆನ್ನುವುದು ಯಾಕೆ.

ಕಟಪಾಡಿಯಿಂದ ದಿನಾ ಬಸ್ಸು ಹಿಡಿದು ಕಾಪುವಿನ ಹೈಸ್ಕೂಲಿಗೆ ಬಂದು ಗಣಿತ ಕಲಿಸುತ್ತಿದ್ದ ಅವರಿಗೆ ಆಗ ಮೂವತ್ತು ವರ್ಷ. ಐದು ವರ್ಷದಿಂದ ತಾತ್ಕಾಲಿಕ ಕೆಲಸ. ಎಂಬತ್ತೆರಡನೇ ಇಸವಿಯಲ್ಲಿ ಹೆಡ್ಮಾಸ್ಟ್ರು ಸುಂದರ ಮಾಸ್ಟ್ರು ಅವರನ್ನು ಕರೆದು, "ಈ ವರ್ಷ ಹತ್ತನೆಯ ಗಣಿತದಲ್ಲಿ ನೂರಕ್ಕೆ ನೂರು ಫಲಿತಾಂಶ ಬಂದರೆ ನಿಮ್ಮ ಕೆಲಸ ಖಾಯಂ ಆದ ಹಾಗೆಯೇ ಟೀಚರ್. ಐದು ಟೆಸ್ಟುಗಳ ಸರಾಸರಿ ಮೂವತ್ತೈದಕ್ಕಿಂತ ಕೆಳಗಿರುವವರಿಗೆ ಪರೀಕ್ಷೆಯ ಫಾರ್ಮ್ ಕೊಡುವುದು ಬೇಡ" ಎಂದಿದ್ದರು. ಸೋಲುವವರನ್ನು ಮೊದಲೇ ಹೊರಗೆ ಹಾಕಿ ಗೆದ್ದೆವು ಎನ್ನುವುದು! ಟೀಚರಿಗೆ ಅದು ಸರಿ ಕಾಣಲಿಲ್ಲ. ಆದರೆ ಬಾಯಿ ಬಿಡಲಿಲ್ಲ.

ಕಲಿಸುವುದರಲ್ಲಿ ಮಾತ್ರ ಅವರದ್ದು ಎತ್ತಿದ ಕೈ. ಉತ್ಪನ್ನದ, ಅಂದರೆ ಫಂಕ್ಷನ್ನಿನ, ಪಾಠಕ್ಕೆ ಬಸ್ಸಿನ ಟಿಕೇಟು ಹಿಡಿದು ಬರುತ್ತಿದ್ದರು. "ಊರಿನ ಹೆಸರು ಹೇಳಿದರೆ ದರ ಒಂದೇ ಬರಬೇಕು. ಉಡುಪಿ ಅಂದರೆ ಉಡುಪಿಯ ದರ. ಒಂದೇ ಊರಿಗೆ ಎರಡು ದರ ಹೇಳಿದರೆ ಅದು ಉತ್ಪನ್ನ ಅಲ್ಲ, ಕಂಡಕ್ಟರನ ಕಳ್ಳಾಟ!" ಎಂದಾಗ ತರಗತಿಯೆಲ್ಲ ನಗುತ್ತಿತ್ತು. ನವೆಂಬರಿನಲ್ಲಿ ಸರಾಸರಿಯ ಪಾಠ ಬಂದಾಗ ಅದಕ್ಕೆ ಮೀನು. ಐದು ದೋಣಿ ಬರೆದು, ಪ್ರತಿಯೊಂದರ ಎದುರು ಎಷ್ಟು ಬುಟ್ಟಿ ಬಂಗುಡೆ ಎಂದು ಬರೆದರು. ಒಂದು ದೋಣಿಯ ಎದುರು ಸೊನ್ನೆ. "ಅದಕ್ಕೆ ಆ ದಿನ ಏನೂ ಸಿಗಲಿಲ್ಲ. ಆದರೂ ಐದರಿಂದಲೇ ಭಾಗಿಸಬೇಕು."

ಹುಡುಗಿಯರ ಸಾಲಿನ ಕೊನೆಯ ಬೆಂಚಿನಿಂದ ಗುಣವತಿ ಎದ್ದು ನಿಂತಳು.

"ಟೀಚರ್, ದೋಣಿ ವಾಪಸು ಬಾರದೇ ಇದ್ದರೆ? ಆಗಲೂ ಸೊನ್ನೆಯಾ?"

ಮುಂದಿನ ಬೆಂಚಿನವರೆಲ್ಲ ಹಿಂದಕ್ಕೆ ತಿರುಗಿದರು. ಗುಣವತಿಯ ಅಪ್ಪ ಶೀನ ಸೆಪ್ಟೆಂಬರಿನಲ್ಲಿ ದೋಣಿ ಮಗುಚಿ ಸತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ದೀಪಸ್ತಂಭದ ಬಂಡೆಯ ಹತ್ತಿರ ಹೆಣ ಸಿಕ್ಕಿತ್ತು. ಅದು ಎಲ್ಲರಿಗೂ ಗೊತ್ತಿದ್ದ ವಿಷಯ.

ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. "ಇಲ್ಲ ಮಗಾ. ಸೊನ್ನೆ ಅಂದರೆ ಹೋಗಿ, ಬಲೆ ಹಾಕಿ, ಬರಿಗೈಯಲ್ಲಿ ಬಂದದ್ದು. ಬಾರದ ದೋಣಿ ಸೊನ್ನೆ ಅಲ್ಲ. ಅದನ್ನು ಲೆಕ್ಕದಿಂದ ಬಿಟ್ಟು, ಉಳಿದ ನಾಲ್ಕರಿಂದ ಭಾಗಿಸಬೇಕು."

ಗುಣವತಿ ಕೂತಳು. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದು, ಅಡಿಗೆರೆ ಎಳೆದಳು. ಅವಳು ಜಾಣೆಯೇನೂ ಅಲ್ಲ, ಮೂವತ್ತಾರು, ನಲವತ್ತನಾಲ್ಕು, ಅಷ್ಟು ಅಂಕದ ಹುಡುಗಿ. ಆದರೆ ಹಟ ಉಂಟು. ಹತ್ತನೆಯದು ಪಾಸಾದರೆ ನರ್ಸ್ ತರಬೇತಿಗೆ ಅರ್ಜಿ ಹಾಕಬಹುದೆಂದು ಮಣಿಪಾಲಕ್ಕೆ ಹೋಗಿ ವಿಚಾರಿಸಿಕೊಂಡು ಬಂದಿದ್ದಳು. ತಾಯಿ ಬೇಬಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗುವವಳು. "ಪಾಸಾದರೆ ಓದು, ಇಲ್ಲದಿದ್ದರೆ ಕಾರ್ಕಳದಲ್ಲಿ ಚಿಕ್ಕಮ್ಮನ ಜೊತೆ ಗೇರುಬೀಜದ ಫ್ಯಾಕ್ಟರಿಗೆ ಹೋಗು. ನನ್ನ ಮೊಣಕಾಲು ಇನ್ನೊಂದು ವರ್ಷ ತಡೆಯುವುದಿಲ್ಲ" ಎಂದು ಅವಳು ಮಗಳಿಗೆ ಹೇಳಿಬಿಟ್ಟಿದ್ದಳು.

ಜನವರಿಯಲ್ಲಿ ಪಟ್ಟಿ ಕೊಡುವ ದಿನ ಬಂತು. ನಲವತ್ತಮೂರು ಮಕ್ಕಳು, ಐದೈದು ಟೆಸ್ಟು, ಹೆಡ್ಮಾಸ್ಟ್ರು ಬಾಗಿಲಲ್ಲೇ ನಿಂತಿದ್ದಾರೆ, ನಾಲ್ಕೂ ಇಪ್ಪತ್ತರ ಬಸ್ಸು ಬೇರೆ. ಟೀಚರ್ ಕೂಡಿಸಿದರು, ಎರಡು ಪಟ್ಟು ಮಾಡಿದರು, ಚುಕ್ಕಿ ಇಟ್ಟರು. ಕೂಡಿಸು, ಎರಡು ಪಟ್ಟು, ಚುಕ್ಕಿ. ಇಪ್ಪತ್ತು ನಿಮಿಷದಲ್ಲಿ ನಲವತ್ತಮೂರು ಹೆಸರು ಮುಗಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಮೂವತ್ತೈದಕ್ಕಿಂತ ಕೆಳಗಿದ್ದದ್ದು ಒಂದೇ ಹೆಸರು. ಗುಣವತಿ, ಮೂವತ್ತೊಂದು ದಶಾಂಶ ಎಂಟು.

ಪಟ್ಟಿ ಗೋಡೆಗೆ ಅಂಟಿದ ಮರುದಿನ ಬೇಬಿ ಶಾಲೆಗೆ ಬಂದಳು. ಮೀನಿನ ವಾಸನೆ ಒಳಗೆ ಬರಬಾರದೆಂದು ಬುಟ್ಟಿಯನ್ನು ಗೇಟಿನ ಹೊರಗೇ ಇಟ್ಟಿದ್ದಳು.

"ಟೀಚರೇ, ಒಮ್ಮೆ ಪುಸ್ತಕ ತೆರೆದು ನೋಡಿ. ಹುಡುಗಿ ನಿನ್ನೆಯಿಂದ ಊಟ ಮಾಡಲಿಲ್ಲ. ಒಂದೇ ಲೆಕ್ಕವನ್ನು ಮಾಡಿ ಮಾಡಿ ಅಳಿಸುತ್ತಾಳೆ. ನನಗೆಂತ ಗೊತ್ತಾಗುತ್ತದೆ?"

ರಿಜಿಸ್ಟರು ಮೇಜಿನ ಮೇಲೆಯೇ ಇತ್ತು. ಕೈ ಚಾಚಿದ್ದರೆ ಸಾಕಿತ್ತು. ಆದರೆ ತೆರೆದು ನೋಡಿದರೆ ಕರುಣೆ ಬರುತ್ತದೆ, ಕರುಣೆ ಬಂದರೆ ನೂರಕ್ಕೆ ನೂರು ಹೋಗುತ್ತದೆ ಎಂಬ ಹೆದರಿಕೆ ಟೀಚರಿಗೆ. "ಲೆಕ್ಕ ಲೆಕ್ಕವೇ ಅಲ್ವಾ ಬೇಬಿಯಕ್ಕ. ಬರುವ ವರ್ಷ ಕಟ್ಟಲಿ" ಎಂದರು. ಬೇಬಿ ತಲೆಯಾಡಿಸಿ ಹೊರಗೆ ಹೋಗಿ, ಯಾರೂ ಕೈ ಕೊಡದೆ, ತಾನೇ ಬುಟ್ಟಿ ಎತ್ತಿಕೊಂಡಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ನಲವತ್ತೆರಡಕ್ಕೆ ನಲವತ್ತೆರಡು. ಜೂನಿನಲ್ಲಿ ಖಾಯಂ ಆದೇಶ ಬಂತು. ಟೀಚರ್ ಇಡೀ ಶಾಲೆಗೆ ಲಾಡು ಹಂಚಿದರು.

ಪುನಃ ನವೆಂಬರು. ಹೊಸ ಮಕ್ಕಳು, ಅದೇ ಬೋರ್ಡು, ಅದೇ ಐದು ದೋಣಿ. "ಸೊನ್ನೆ ಅಂದರೆ ಹೋಗಿ ಬರಿಗೈಯಲ್ಲಿ ಬಂದದ್ದು. ಬಾರದ ದೋಣಿ..." ಎನ್ನುತ್ತಿದ್ದ ಟೀಚರ್ ಅಲ್ಲೇ ನಿಂತುಬಿಟ್ಟರು. ಸೆಪ್ಟೆಂಬರು. ಮೂರನೆಯ ಟೆಸ್ಟು. ದೀಪಸ್ತಂಭದ ಹತ್ತಿರ ಹೆಣ ಸಿಕ್ಕಿದ ಬೆಳಿಗ್ಗೆ. ಅಯ್ಯೋ ದೇವರೇ! ಸೀಮೆಸುಣ್ಣ ಕೈಯಲ್ಲಿರುವಂತೆಯೇ ಆಫೀಸಿಗೆ ಓಡಿ ಹಳೆಯ ರಿಜಿಸ್ಟರು ತೆಗೆದರು. ನಲವತ್ತೊಂದು, ಮೂವತ್ತೆಂಟು, ಆಮೇಲೆ ಪೆನ್ಸಿಲಿನಲ್ಲಿ ಮಾಸಿದ 'ಗೈ', ಆಮೇಲೆ ಮೂವತ್ತಾರು, ನಲವತ್ತನಾಲ್ಕು. ಗೈರು ಎಂದು ಬರೆದದ್ದು ಅವರದೇ ಕೈ. ಅದನ್ನು ಸೊನ್ನೆಯೆಂದು ಹಿಡಿದು ಐದರಿಂದ ಭಾಗಿಸಿದ್ದೂ ಅವರದೇ ಕೈ. ಬೇರೆ ಇಬ್ಬರು ಗೈರಾಗಿದ್ದರು. ಅವರದ್ದು ಅಂಕ ಜಾಸ್ತಿ ಇದ್ದದ್ದರಿಂದ ಹೇಗೋ ದಾಟಿದ್ದರು. ಈ ಹುಡುಗಿಯದ್ದು ನಾಲ್ಕರಿಂದ ಭಾಗಿಸಿದರೆ ನಲವತ್ತಕ್ಕೆ ಬರೀ ಕಾಲು ಕಡಿಮೆ.

ಸುಂದರ ಮಾಸ್ಟ್ರು ರಿಜಿಸ್ಟರನ್ನು ನೋಡಿದರು, ಬಾಗಿಲನ್ನು ನೋಡಿದರು, ಮತ್ತೆ ರಿಜಿಸ್ಟರನ್ನು ಮಡಚಿದರು. "ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಎಂತ ಪ್ರಯೋಜನ ಟೀಚರ್? ಯಾರೂ ಕೇಳಲಿಲ್ಲ. ಬಿಟ್ಟುಬಿಡಿ" ಎಂದರು.

ಬಿಡಲಿಕ್ಕೆ ಆಗಬೇಕಲ್ಲ! ಗುಣವತಿ ಗೇರುಬೀಜದ ಫ್ಯಾಕ್ಟರಿ ಸೇರಿದ್ದಾಳೆಂದು ಮಕ್ಕಳಿಂದ ತಿಳಿದು, ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ಟೀಚರ್ ಕಾರ್ಕಳದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕೂಡಿಸಿದರು, ಕಳೆದರು. ಫ್ಯಾಕ್ಟರಿಯ ಗೇಟಿನಲ್ಲಿ ಕಾವಲುಗಾರ ಒಳಗೆ ಹೋಗಿ ಹೇಳಿದ ಮೇಲೆ ಗುಣವತಿ ಹೊರಗೆ ಬಂದಳು. ಟೀಚರನ್ನು ಕಂಡದ್ದೇ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ನಮಸ್ಕಾರ ಮಾಡಬೇಕೆಂದು ನೆನಪಾಗಿ ಮುಂದೆ ತಂದಳು. ಬೀಜ ಒಡೆದು ಒಡೆದು, ಸಿಪ್ಪೆಯ ಎಣ್ಣೆ ಹತ್ತಿ ಬೆರಳುಗಳೆಲ್ಲ ಕಪ್ಪಾಗಿದ್ದವು. ಹೆಬ್ಬೆರಳಿನ ಚರ್ಮ ಸುಲಿದಿತ್ತು.

ಟೀಚರ್ ಯೋಚಿಸಿಟ್ಟದ್ದೆಲ್ಲ ಮರೆತು ಅಲ್ಲೇ ಅತ್ತರು. "ತಪ್ಪು ನನ್ನದು ಮಗಾ. ನಿನ್ನ ಅಪ್ಪ ಸಿಕ್ಕಿದ ದಿನವನ್ನು ನಾನು ಸೊನ್ನೆ ಅಂತ ಹಿಡಿದೆ. ನಾಲ್ಕರಿಂದ ಭಾಗಿಸಬೇಕಿತ್ತು. ನಿನಗೆ ಫಾರ್ಮ್ ಸಿಗಬೇಕಿತ್ತು."

ಗುಣವತಿ ಬೈಯುತ್ತಾಳೆ, ಬೈಯಲಿ ಎಂದು ಟೀಚರ್ ಕಾದರು.

"ನಾನೂ ನಾಲ್ಕರಿಂದಲೇ ಭಾಗಿಸಿದ್ದೆ ಟೀಚರ್" ಎಂದಳು ಅವಳು ಮೆಲ್ಲಗೆ. "ನೋಟ್ಸಿನಲ್ಲಿ ಹಾಗೆ ಉಂಟಲ್ಲ. ಮೂರು ಸಲ ಮಾಡಿದೆ. ಪ್ರತಿ ಸಲವೂ ನಲವತ್ತಕ್ಕೆ ಕಾಲು ಕಡಿಮೆ ಬಂತು. ಆದರೆ ಗೋಡೆಯಲ್ಲಿ ನೀವು ಮೂವತ್ತೊಂದು ಅಂತ ಬರೆದಿದ್ದಿರಿ. ಟೀಚರ್ ತಪ್ಪುವುದಿಲ್ಲ, ನನಗೇ ಲೆಕ್ಕ ತಲೆಗೆ ಹತ್ತುವುದಿಲ್ಲ ಅಂತ ಪುಸ್ತಕ ಎಲ್ಲ ಒಲೆಗೆ ಹಾಕಿದೆ."

"ಈಗ ಕಟ್ಟುವ. ಪ್ರೈವೇಟಾಗಿ ಕಟ್ಟುವ. ನಾನು ಬಂದು ಕಲಿಸುತ್ತೇನೆ."

"ಅಮ್ಮ ಈಗ ಬುಟ್ಟಿ ಹೊರುವುದಿಲ್ಲ ಟೀಚರ್. ನೆಲದಿಂದ ಏಳಲಿಕ್ಕೇ ಆಗುವುದಿಲ್ಲ."

ಒಳಗಿನಿಂದ ಯಾರೋ ಹೆಸರು ಹಿಡಿದು ಕರೆದರು. ಗುಣವತಿ ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಹಾಗಾದರೆ ನನ್ನ ಲೆಕ್ಕ ಸರಿ ಇತ್ತಾ ಟೀಚರ್?"

"ಸರಿ ಇತ್ತು ಮಗಾ."

ಹುಡುಗಿಯ ಮುಖ ಅರಳಿತು. ಉತ್ತರ ಸರಿಯೆಂದರೆ ಕೊನೆಯ ಬೆಂಚಿನಲ್ಲಿ ಹೇಗೆ ನಗುತ್ತಿದ್ದಳೋ ಹಾಗೆಯೇ ನಕ್ಕಳು. ಮತ್ತೆ ಸೆರಗಿಗೆ ಕೈ ಒರೆಸಿಕೊಂಡು ಬೀಜ ಒಡೆಯಲು ಒಳಗೆ ಹೋದಳು.