ಒಲೆಯ ಸಾಕ್ಷಿ

ಆಹಾರ ಕಚೇರಿಯ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಎದೆಮಟ್ಟಕ್ಕಿಂತ ತಗ್ಗಿನಲ್ಲಿ, ಯಾರೇ ಆದರೂ ಬಗ್ಗಿಯೇ ಮಾತನಾಡಬೇಕಾದ ಎತ್ತರದಲ್ಲಿ, ಒಂದು ಬೆಕ್ಕು ಆರಾಮವಾಗಿ ನುಸುಳುವಷ್ಟು ಅಗಲಕ್ಕೆ ಅದನ್ನು ಮಾಡಿಸಿದ್ದರು. ಒಳಗಿನ ಗುಮಾಸ್ತನ ಮುಖ ಕಾಣುತ್ತಿರಲಿಲ್ಲ. ಉಂಗುರ ತೊಟ್ಟ ಒಂದು ಕೈ, ಅದರ ಹಿಂದೆ ಒಂದು ದನಿ, ಅಷ್ಟೇ. ಕಟ್ಟಿಸಿದವನು ಒಂದೋ ಕುಳ್ಳನಿರಬೇಕು, ಇಲ್ಲವೇ ಊರಿನವರ ತಲೆ ಬಗ್ಗಿಸುವ ಆಸೆಯವನಿರಬೇಕು ಎಂದು ನನಗೆ ಪ್ರತಿಸಲವೂ ಅನಿಸುತ್ತಿತ್ತು.

ನಾನು ಮೊದಲು ಅಲ್ಲಿ ಬಗ್ಗಿದ್ದು ಅರ್ಜಿ ಕೊಡಲು. ಅಲ್ಲಿಯವರೆಗೆ ನನಗೆ ಸರಕಾರದ ಅಕ್ಕಿ ಬೇಕಾಗಿರಲಿಲ್ಲ. ನಾನು ಬಾಣಂತನ ಮಾಡುವವಳು. ಮಗು ಹುಟ್ಟಿದ ಮನೆಯಲ್ಲಿ ಕೆಲವು ತಿಂಗಳು ಇದ್ದು, ತಾಯಿಗೂ ಮಗುವಿಗೂ ನೀರೆರೆದು, ಮೆಣಸು ಬೆಳ್ಳುಳ್ಳಿಯ ಸಾರು ಕಾಯಿಸಿ, ಅಲ್ಲೇ ಉಂಡು, ಅಲ್ಲೇ ಒಂದು ಮೂಲೆಯಲ್ಲಿ ಮಲಗುತ್ತಿದ್ದೆ. ಮಗು ನನ್ನ ಮುಖ ಗುರುತಿಸಿ ನಗಲು ಕಲಿಯುವ ಹೊತ್ತಿಗೆ ಗಂಟು ಕಟ್ಟಿಕೊಂಡು ಇನ್ನೊಂದು ಮನೆಗೆ ಹೊರಡಬೇಕು. ನನ್ನದೆಂದು ಒಂದು ಒಲೆ ಇರಲಿಲ್ಲ, ಬೇಕೆಂದು ಅನಿಸಿಯೂ ಇರಲಿಲ್ಲ. ಆಮೇಲೆ ಕೈ ನಡುಗಲು ಶುರುವಾಯಿತು. ನಡುಗುವ ಕೈಗೆ ಎಳೆಗೂಸನ್ನು ಯಾರು ಕೊಡುತ್ತಾರೆ? ನಾನೇ ತಾಯಿಯಾಗಿದ್ದರೂ ಕೊಡುತ್ತಿರಲಿಲ್ಲ. ಕೆಲಸ ನಿಂತಿತು. ಪರಿಚಯವೇ ಇಲ್ಲದ ಆ ಪಟ್ಟಣದ ವಠಾರವೊಂದರಲ್ಲಿ ಕೋಣೆ ಹಿಡಿದು, ಕೂಡಿಟ್ಟದ್ದನ್ನು ಕರಗಿಸುತ್ತಾ ಕೂತೆ.

ಅರ್ಜಿ ಕೊಟ್ಟವರನ್ನು ಸಂದರ್ಶನಕ್ಕೆ ಕರೆಯುವುದು ಅಲ್ಲಿನ ಪದ್ಧತಿ. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲ ಒಂದು ಸಂಸಾರ, ಒಂದು ಸಂಸಾರಕ್ಕೆ ಒಂದು ಕಾರ್ಡು. ಒಂಟಿಯಾಗಿ ಕಾರ್ಡು ಕೇಳುವವರು ಮಾತ್ರ ಅಕ್ಕಪಕ್ಕದ ಸಂಸಾರಸ್ಥರೊಬ್ಬರನ್ನು ಕರೆತಂದು, ತಮ್ಮ ಒಲೆ ಬೇರೆ, ತಮಗೆ ಊಟ ಹಾಕುವವರು ಯಾರೂ ಇಲ್ಲ ಎಂದು ಹೇಳಿಸಬೇಕು. ಆ ವಠಾರದಲ್ಲಿ ಅಲ್ಲಿಯವರೆಗೆ ನನ್ನ ಹೆಸರು ಕೇಳಿದ್ದವನು ಬಾಡಿಗೆ ವಸೂಲಿಯವನೊಬ್ಬನೇ. ಅವನೂ ಮರೆತಿದ್ದ. ಸಂದರ್ಶನದ ಹಿಂದಿನ ದಿನ ಮತ್ತೆ ಕಿಂಡಿಗೆ ಬಗ್ಗಿದೆ.

"ದಿನ ಬದಲಾಯಿಸಿ ಕೊಡಿ ಸ್ವಾಮಿ."

"ಯಾಕಮ್ಮಾ? ಹುಷಾರಿಲ್ವಾ?"

"ಹುಷಾರಾಗಿದೀನಿ. ಸಾಕ್ಷಿ ಇಲ್ಲ."

"ಸಾಕ್ಷಿ ಊರಲ್ಲಿಲ್ವಾ?"

"ಊರಲ್ಲಿದಾರೋ ಇಲ್ವೋ, ಯಾರು ಅಂತಾನೇ ಇನ್ನೂ ಗೊತ್ತಿಲ್ಲ."

ಉಂಗುರದ ಕೈ ಬರೆಯುವುದನ್ನು ನಿಲ್ಲಿಸಿತು. "ಅಕ್ಕಪಕ್ಕದವರು ಇರ್ತಾರಲ್ಲಮ್ಮ?"

"ಇದಾರೆ. ಪರಿಚಯ ಇಲ್ಲ."

"ಒಂದೇ ಸಲ ನೋಡಿ ಬದಲಾಯಿಸೋದು. ಆಮೇಲೆ ಅರ್ಜಿ ವಜಾ. ಮುಂದಿನ ಸೋಮವಾರ ಹಾಕ್ಲಾ?"

"ಅಷ್ಟು ಬೇಗ ಆಗಲ್ಲ. ಒಂದು ತಿಂಗಳು ಕೊಡಿ."

"ಪಕ್ಕದ ಮನೆಯವರನ್ನ ಮಾತಾಡ್ಸೋಕೆ ತಿಂಗಳಾ?"

ಸಾಲಿನಲ್ಲಿ ನನ್ನ ಹಿಂದಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ತಿಂಗಳ ಆಚಿನ ದಿನ ಬರೆದ ಚೀಟಿ ಹಿಡಿದು ಮನೆಗೆ ಬರುವ ದಾರಿಯಲ್ಲಿ ಆ ನಗು ನನ್ನ ಜೊತೆ ಬರಲಿಲ್ಲ.

ಬೇರೆಯವರ ಮನೆಯಲ್ಲಿ ಬದುಕು ಸವೆಸಿದವಳಿಗೆ ಕೇಳಿದ್ದಕ್ಕೆ ಉತ್ತರ ಕೊಡುವುದು ಗೊತ್ತು, ತಾನಾಗಿ ಬಾಯಿ ತೆರೆಯುವುದು ಗೊತ್ತಿರುವುದಿಲ್ಲ. ಮೆಟ್ಟಿಲ ಮೇಲೆ ಕೂತು ನೋಡಿದೆ. ಯಾರಿಗೋ ಕಾಯುತ್ತಿದ್ದಾಳೆ ಎಂದುಕೊಂಡು ಜನ ದಾಟಿ ಹೋದರು. ನಲ್ಲಿಯ ಹತ್ತಿರ ಒಬ್ಬಾಕೆಯ ಕಡೆ ಮುಗುಳ್ನಕ್ಕೆ. ಅವಳು ತನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡಿದಳು.

ಕಡೆಗೆ ನನ್ನನ್ನು ಕಾಪಾಡಿದ್ದು ಮೆಣಸಿನ ಸಾರು. ನನಗೆ ಬರುವ ಅಡುಗೆ ಅದೊಂದೇ, ದಿನವೂ ಅದನ್ನೇ ಮಾಡುತ್ತಿದ್ದೆ. ಗೋಡೆಯಾಚೆಯ ಮನೆಯ ಕೆಂಪಾಜಮ್ಮ ಒಂದು ಸಂಜೆ ಬಾಗಿಲಲ್ಲಿ ಬಂದು ಇಣುಕಿದಳು.

"ನಿಮ್ಮನೇಲಿ ಬಾಣಂತಿ ಯಾರು? ದಿನಾ ಸಾರಿನ ವಾಸ್ನೆ ಬರುತ್ತೆ, ಮಗು ಅಳೋದು ಮಾತ್ರ ಕೇಳ್ಸಲ್ಲ. ನಮ್ಮತ್ತೆ ನೋಡ್ಕೊಂಡ್ ಬಾ ಅಂದ್ರು."

"ಬಾಣಂತಿ ನಾನೇ," ಎಂದೆ. "ಬೇರೆ ಅಡುಗೆ ಬರಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನೋಡುವವರಿಗೆ ಅತಿ ಎನಿಸುವಷ್ಟು ನಕ್ಕಳು. ನನಗೆ ಅದು ಅತಿಯೆನಿಸಲಿಲ್ಲ.

ಕೆಂಪಾಜಮ್ಮನದು ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳ ಸಂಸಾರ. ದೊಡ್ಡ ಗಂಟಲು, ಯಾರೆದುರೂ ಒಂದು ಮಾತು ಕಡಿಮೆಯಾಡಿದವಳಲ್ಲ. ಅಂದಿನಿಂದ ನಲ್ಲಿಯ ಹತ್ತಿರ ನಿಂತು ಮಾತನಾಡಿಸುತ್ತಿದ್ದಳು. ಸಾಕ್ಷಿಯ ವಿಷಯ ಎತ್ತಿದಾಗ, "ಅಷ್ಟೇನಾ? ಬಂದು ಇದ್ದದ್ದು ಇದ್ದಂಗೆ ಹೇಳ್ತೀನಿ ಬಿಡಿ," ಎಂದು ಅಲ್ಲೇ ಒಪ್ಪಿಕೊಂಡಳು. ನನ್ನ ಎದೆಯ ಭಾರ ಇಳಿಯಿತು. ಕೂಡಿಟ್ಟದ್ದು ಆ ಹೊತ್ತಿಗೆ ಮುಗಿಯುತ್ತಾ ಬಂದಿತ್ತು.

ಸಂದರ್ಶನದ ದಿನ ಅವಳು ಮದುವೆಗೆ ಉಡುವ ಸೀರೆ ಉಟ್ಟು, ಹೂ ಮುಡಿದು ಬಂದಳು. ನಾವು ಕಿಂಡಿಯನ್ನು ದಾಟಿ ಒಳಗೆ ಹೋದೆವು. ಒಳಗಿನಿಂದ ನೋಡಿದರೆ ಹೊರಗೆ ಬಗ್ಗಿದವರ ಮುಖಗಳು ಅದರಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಹಾಗಾದರೆ ಇಷ್ಟು ದಿನ ನನ್ನ ಮುಖವೂ ಕಾಣುತ್ತಿತ್ತು.

ಅಧಿಕಾರಿ ದಣಿದ ಮನುಷ್ಯ. ಸುತ್ತ ಬೆಂಚುಗಳ ಮೇಲೆ ಸರದಿಗೆ ಕಾದವರು ಕಿವಿ ಕೊಟ್ಟು ಕೂತಿದ್ದರು. ಒಲೆ ಯಾವುದು, ಬೇಯಿಸುವವರು ಯಾರು ಎಂದು ಅವನು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟೆ. ಆಮೇಲೆ ಕೆಂಪಾಜಮ್ಮನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದ.

"ನೀವು ಗೋಡೆ ಪಕ್ಕದಲ್ಲೇ ಇರೋದು?"

"ಹೂಂ ಸ್ವಾಮಿ."

"ವಯಸ್ಸಾದ ಹೆಂಗಸು, ಕೈ ಬೇರೆ ನಡುಗುತ್ತೆ. ಉಂಡ್ರೋ ಬಿಟ್ರೋ ಅಂತ ಒಂದು ದಿನಾನಾದ್ರೂ ಕೇಳಿದೀರಾ? ಹಬ್ಬಕ್ಕಾದ್ರೂ ಕರೆದಿದೀರಾ?"

ಅದು ಅವನು ಎಲ್ಲ ಸಾಕ್ಷಿಗಳಿಗೂ ಕೇಳುವ ಪ್ರಶ್ನೆಯೇ ಇದ್ದಿರಬಹುದು. "ಇಲ್ಲ" ಎಂಬ ಒಂದು ಮಾತಿಗೆ ನನ್ನ ಕಾರ್ಡು ನನಗೆ ಸಿಗುತ್ತಿತ್ತು. ಆದರೆ ಬೆಂಚಿನವರೆಲ್ಲ ಕೆಂಪಾಜಮ್ಮನ ಕಡೆ ತಿರುಗಿದ್ದರು. ಅವಳ ಮುಖ ಕೆಂಪಾಯಿತು.

"ಕೇಳ್ದೆ ಏನು? ನಮ್ಮನೇಲೇ ಉಣ್ತಾರೆ ಅವ್ರು! ಪಕ್ಕದಲ್ಲಿ ಒಂದು ಜೀವ ಹಸ್ಕೊಂಡಿದ್ರೆ ಕಣ್ಮುಚ್ಕೊಂಡು ಉಣ್ಣೋ ಜನಾನಾ ನಾವು? ದಿನಾ ನಮ್ಮ ಜೊತೇಲೇ, ನಮ್ಮ ಅಡುಗೇನೇ."

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ. "ಹೌದೇನಮ್ಮಾ?"

ಅದು ಸುಳ್ಳು. ಆ ಮನೆಯ ಹೊಸ್ತಿಲನ್ನು ನಾನು ಒಂದು ದಿನವೂ ತುಳಿದಿರಲಿಲ್ಲ. ಅಲ್ಲವೆಂದರೆ ಅಕ್ಕಿ ನನ್ನದು, ಹೌದೆಂದರೆ ಅರ್ಜಿ ಹೋಯಿತು. ಎಲ್ಲ ಗೊತ್ತಿತ್ತು. ಆದರೆ ನನ್ನ ಬಗ್ಗೆ ಅಂಥ ಮಾತನ್ನು ಅಷ್ಟು ಜನರೆದುರು, ಅಷ್ಟು ಜೋರಾಗಿ, ಯಾರೂ ಆಡಿರಲಿಲ್ಲ. ಅದನ್ನು ನನ್ನ ಬಾಯಿಂದಲೇ ಅಳಿಸಲು ನನಗೆ ಮನಸ್ಸು ಬರಲಿಲ್ಲ.

"ಹೌದು," ಎಂದೆ.

"ಹಾಗಾದ್ರೆ ಇವ್ರಿಗೆ ಬೇರೆ ಕಾರ್ಡು ಬರಲ್ಲ. ನಿಮ್ಮ ಕಾರ್ಡಿಗೇ ಸೇರಿಸ್ತೀನಿ. ಸಂಬಂಧ ಏನು ಬರೀಲಿ?"

ಕೆಂಪಾಜಮ್ಮ ಒಂದು ಸಲ ನನ್ನ ಕಡೆ ನೋಡಿದಳು. ಹಿಂದೆ ಸರಿಯುವ ಜಾಗ ಅವಳಿಗೂ ಉಳಿದಿರಲಿಲ್ಲ. "ಅಕ್ಕ ಅಂತ ಬರ್ಕೊಳಿ," ಎಂದಳು.

ಹಿಂದಿರುಗುವಾಗ ಅವಳು ನನಗಿಂತ ಎರಡು ಮಾರು ಮುಂದೆ ನಡೆದಳು. ವಠಾರ ಹತ್ತಿರವಾದಾಗ ನಿಂತು, ನನ್ನ ಮುಖ ನೋಡದೆ ಹೇಳಿದಳು: "ಅವನು ಕೇಳಿದ ರೀತೀಗೆ ಬಾಯಿಗೆ ಬಂದ್ಬಿಡ್ತು. ನಮ್ಮತ್ತೆಗೆ ಏನ್ ಹೇಳ್ಲಿ ಈಗ?"

"ಏನೂ ಹೇಳ್ಬೇಡಿ," ಎಂದೆ.

ಅಂದು ಸಂಜೆ ನಾನು ಒಲೆ ಹಚ್ಚಲಿಲ್ಲ. ಮುಖ ತೊಳೆದು, ಬೇರೆ ಸೀರೆ ಉಟ್ಟು, ಬಾಗಿಲು ತೆರೆದಿಟ್ಟುಕೊಂಡು ಕೂತೆ. ಕರೆಯುತ್ತಾರೆಂದು ನಂಬಿದ್ದೆ ಎಂದಲ್ಲ. ಕರೆದರೆ ಸಿದ್ಧಳಾಗಿರಬೇಕು, ಅಷ್ಟೇ. ಗೋಡೆಯಾಚೆ ತಟ್ಟೆ ಹಾಕುವ ಸದ್ದಾಯಿತು, ಲೋಟಗಳ ಸದ್ದಾಯಿತು, ಆಮೇಲೆ ತೊಳೆಯುವ ಸದ್ದೂ ಆಯಿತು. ಯಾರೂ ಬರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಅತ್ತೆ.

ಕಾರ್ಡಿಗೆ ಹೆಸರು ಸೇರಿದ ಮೇಲೆ ಅಕ್ಕಿ ಬಂದ ದಿನ ಕೆಂಪಾಜಮ್ಮ ಮೊರದ ತುಂಬ ತಂದು ನನ್ನ ಬಾಗಿಲಲ್ಲಿಟ್ಟಳು. ಕಲ್ಲು ಆರಿಸಿ, ಹಸನು ಮಾಡಿ ತಂದಿದ್ದಳು. "ನಿಮ್ ಪಾಲು ಅಕ್ಕ," ಎಂದಳು. ಆಮೇಲೆ ಪ್ರತಿ ತಿಂಗಳೂ ತಂದಳು. ಒಮ್ಮೆಯೂ ತಪ್ಪಿಸಲಿಲ್ಲ, ಒಂದು ಹಿಡಿ ಕಡಿಮೆ ಮಾಡಲಿಲ್ಲ, ಒಳಗೆ ಬನ್ನಿ ಎಂದೂ ಕರೆಯಲಿಲ್ಲ. ಅಕ್ಕ ಎಂಬ ಮಾತನ್ನು ಮಾತ್ರ ಬಿಡಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೈಲಾದದ್ದು ಅಷ್ಟು, ಅದನ್ನು ಅವಳು ಪೂರ್ತಿ ಕೊಟ್ಟಳು.

ಆ ವಠಾರದಲ್ಲಿ ನಾನು ಬಹಳ ವರ್ಷ ಇದ್ದೆ. ಅನ್ನ ಬೆಂದರೂ ಗೋಡೆಯಾಚೆ ತಟ್ಟೆ ಹಾಕುವ ತನಕ ಬಡಿಸಿಕೊಳ್ಳುತ್ತಿರಲಿಲ್ಲ. ಸಾರಿನ ಸೌಟು ಹಿಡಿದು ಕೆಂಪಾಜಮ್ಮ ತನ್ನ ದೊಡ್ಡ ಗಂಟಲಿನಲ್ಲಿ, "ಎಲ್ಲಾರೂ ಕೂತ್ರಾ?" ಎಂದು ಕೇಳುತ್ತಿದ್ದಳು. ನಾನು ಗೋಡೆಯ ಈಚೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಕೂತೆ," ಎಂದು ಹೇಳಿ ಅನ್ನಕ್ಕೆ ಕೈ ಹಾಕುತ್ತಿದ್ದೆ. ಒಬ್ಬಳ ಊಟ ಬೇಗ ಮುಗಿಯುತ್ತದೆ. ಆದರೆ ಜೊತೆಯಲ್ಲಿ ಕೂತವರು ಉಣ್ಣುತ್ತಿರುವಾಗ ನಡುವೆ ಏಳುವುದು ಸರಿಯಲ್ಲ. ಅವರು ಎದ್ದು ಕೈ ತೊಳೆಯುವ ಸದ್ದು ಕೇಳುವ ತನಕ, ಖಾಲಿ ತಟ್ಟೆಯ ಮುಂದೆ, ಒಣಗುತ್ತಿರುವ ಎಂಜಲು ಕೈ ಹಿಡಿದುಕೊಂಡು ನಾನು ಕೂತೇ ಇರುತ್ತಿದ್ದೆ.