ಮಿಕ್ದಾದನ ಹೊಟ್ಟೆ

“ಇನ್ನೊಂದು ಕೊಡ ಬಿಸಿನೀರು ತನ್ನಿ,” ಎಂದು ಅಂಗಳದ ಪರದೆಯ ಹಿಂದೆ ಹೆಣ ತೊಳೆಯುತ್ತಿದ್ದ ಹಾಜ್ ಫರ್ಜಾನಿ ಕೂಗಿದರು. “ಐದು ಸಲ ತೊಳ್ದಾಯ್ತು, ಈ ಪುಣ್ಯಾತ್ಮನ ಕೈಯಿಂದ ಗಾಣದ ವಾಸನೆ ಹೋಗ್ತಿಲ್ಲ. ಬೆಸ ಸಂಖ್ಯೆ ತಪ್ಪಬಾರದು, ಏಳಕ್ಕೆ ನಿಲ್ಲಿಸೋಣ.”

ಅಡುಗೆಮನೆಯಲ್ಲಿ ಕೂತಿದ್ದ ದೂಜಾಳಿಗೆ ನಾಚಿಕೆಯಾಯಿತು. ಸತ್ತ ಮೇಲೂ ಗಂಡ ಮಿಕ್ದಾದ್ ಮಾನ ಕಳೆಯುತ್ತಿದ್ದಾನೆ.

ಸ್ಫಾಕ್ಸ್ ಊರಾಚೆಯ ಆಲಿವ್ ಗಾಣದಲ್ಲಿ ಮಿಕ್ದಾದನದು ಯಾರಿಗೂ ಬೇಡದ ಕೆಲಸ. ಎಣ್ಣೆ ತೆಗೆದ ಮೇಲೆ ಉಳಿಯುವ ಕಪ್ಪು ನೀರು ಬಿದ್ದಲ್ಲಿ ಹುಲ್ಲೂ ಹುಟ್ಟುವುದಿಲ್ಲ. ಅದನ್ನು ಸಾಗಹಾಕುವುದು ಅವನ ಪಾಲಿಗೆ ಬಂದಿತ್ತು. ಅವನು ಅದನ್ನು ಮನೆಗೆ ತಂದು, ಸುಣ್ಣ, ಸಗಣಿ ಬೆರೆಸಿ, ಹಿತ್ತಲಿನ ತೊಟ್ಟಿಯಲ್ಲಿ ಕೊಳೆಸಿ ಗ್ಯಾಸ್ ಮಾಡುತ್ತಿದ್ದ. ಗ್ಯಾಸ್ ತುಂಬಿದಾಗ ತೊಟ್ಟಿಯ ಮೇಲಿನ ರಬ್ಬರ್ ಚೀಲ ಉಬ್ಬುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ಹೊಟ್ಟೆ. ಅವನು ಹಾಸಿಗೆ ಹಿಡಿದ ಮೇಲೆ ಅದಕ್ಕೆ ಉಣಿಸುವವರಿಲ್ಲದೆ ಚೀಲ ಬತ್ತಿ ತೊಟ್ಟಿಗೆ ಅಂಟಿಕೊಂಡಿತ್ತು.

“ಅತ್ತಿಗೆ,” ಎಂದ ಮೈದುನ ಲಸ್ಸಾದ್, “ಅಣ್ಣನ್ನ ಮಣ್ಣು ಮಾಡಿ ಬಂದು ಆ ತೊಟ್ಟಿಗೂ ಮಣ್ಣು ತುಂಬ್ತೀನಿ. ಹೇಗೂ ಅದೂ ಸತ್ತಿದೆ.”

“ತುಂಬ್ಬಿಡಪ್ಪ. ನಂಗೂ ಸಾಕಾಗಿದೆ.”

ಅಷ್ಟರಲ್ಲಿ ಹಾಜ್ ಪರದೆ ಸರಿಸಿ ಇಣುಕಿದರು. “ಈ ನೀರೆಲ್ಲ ಎಲ್ಲಿಗೆ ಹೋಗ್ತಿದೆ? ಹೆಣ ತೊಳೆದ ನೀರನ್ನ ಯಾರೂ ತುಳಿಯದ ಕಡೆ ಹಾಕ್ಬೇಕು.”

ಲಸ್ಸಾದನ ಮುಖ ಬಿಳುಚಿಕೊಂಡಿತು. ಅಂಗಳದ ಮೋರಿಯನ್ನು ತೊಟ್ಟಿಗೆ ತಿರುಗಿಸಿದ್ದು ಸ್ವತಃ ಮಿಕ್ದಾದ್. ಅದನ್ನು ಮುಚ್ಚಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಅಣ್ಣನ ಹೊಟ್ಟೆಗೇ,” ಎಂದ ಲಸ್ಸಾದ್.

* * *

ಮೊದಲ ಸಲ ನೀಲಿ ಬೆಂಕಿ ಹತ್ತಿದ ದಿನ ಮಿಕ್ದಾದ್ ಮಗುವಿನಂತೆ ಕುಣಿದಿದ್ದ. ಎರಡು ಲೋಟ ಚಹಾ ಕಾಯಿಸಿ, ಪುದೀನ ಹಾಕಿ, ಒಂದನ್ನು ಹೆಂಡತಿಯ ಮುಂದೆ ಹಿಡಿದಿದ್ದ.

“ಆ ಕೊಳಕು ನೀರಿನ ಬೆಂಕೀಲಿ ಕಾಸಿದ್ದು ನನ್ನ ಗಂಟಲಲ್ಲಿ ಇಳಿಯಲ್ಲ,” ಎಂದಿದ್ದಳು ದೂಜಾ.

“ಇವತ್ತು ಬೇಡ ಬಿಡು. ನಾಳೆ ಕುಡಿ.”

ಅವಳು ತನ್ನ ಅಡುಗೆಗೆ ಬೇರೆ ಸಿಲಿಂಡರ್ ತರಿಸಿಕೊಂಡಳು. ಅವನು ಮಾತ್ರ ಪ್ರತಿ ಸಂಜೆ ಎರಡು ಲೋಟ ಇಡುವುದನ್ನು ಬಿಡಲಿಲ್ಲ. ತಣ್ಣಗಾದ ಎರಡನೆಯದನ್ನೂ ತಾನೇ ಕುಡಿಯುತ್ತಿದ್ದ. ಚಳಿಗಾಲದಲ್ಲಿ ತೊಟ್ಟಿಗೆ ಬಿಸಿನೀರು ಸುರಿಯುತ್ತ, “ಹೊಟ್ಟೆ ತಣ್ಣಗಾದ್ರೆ ಸತ್ತೇ ಹೋಗುತ್ತೆ ಕಣೇ,” ಎನ್ನುತ್ತಿದ್ದ.

* * *

ಗಂಡಸರು ಹೆಣ ಹೊತ್ತು ಹೋಗಿ ಬಹಳ ಹೊತ್ತಾಗಿತ್ತು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವಂತಿಲ್ಲ. ನೆರೆಯ ಮಬ್ರೂಕಾ ಕೂಸ್‌ಕೂಸ್ ಊಟ ತಂದಿಟ್ಟು, ಕೈ ತೊಳೆಯಲು ಹಿತ್ತಲಿಗೆ ಹೋದಳು. ಹೋದಷ್ಟೇ ಬೇಗ ಬಂದಳು.

“ದೂಜಾ, ಅದು ಉಸಿರಾಡ್ತಿದೆ ಕಣೇ.”

ದೂಜಾ ಹೋಗಿ ನೋಡಿದಳು. ಸಂಜೆಗತ್ತಲಲ್ಲಿ ಚೀಲ ಉಬ್ಬಿ ನಿಂತಿತ್ತು. ಮೆಲ್ಲಗೆ ಏರುತ್ತಿತ್ತು, ತಡೆಯುತ್ತಿತ್ತು, ಇಳಿಯುತ್ತಿತ್ತು. ಗಾಳಿ ಇರಲಿಲ್ಲ. ಊಟವಾದ ಮೇಲೆ ಮಿಕ್ದಾದ್ ಅಂಗಾತ ಮಲಗಿದಾಗ ಹೀಗೇ ಇರುತ್ತಿತ್ತು. ಆ ನಡುವಿನ ತಡೆ ಕೂಡ ಅವನದೇ. ತೊಟ್ಟಿಗೆ ಬಿಸಿನೀರು ಹೋಯಿತಲ್ಲ, ಅದಕ್ಕೇ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಅಲ್ಲಿಂದ ಕದಲಲಿಲ್ಲ.

ಬೆನ್ನ ಹಿಂದೆ ಲಸ್ಸಾದ್ ಬಂದು ನಿಂತ. ಅವನ ಸಲಿಕೆಗೆ ಗೋರಿಯ ಹಸಿಮಣ್ಣು ಮೆತ್ತಿಕೊಂಡಿತ್ತು. “ಪಕ್ಕಕ್ಕೆ ಸರೀರಿ ಅತ್ತಿಗೆ. ಕತ್ತಲಾಗೋದ್ರೊಳಗೆ ಮುಚ್ಬಿಡ್ತೀನಿ.”

“ಒಂದೇ ದಿನ ಎರಡು ಸಲ ಅವರ ಮೇಲೆ ಮಣ್ಣು ಹಾಕ್ತೀಯೇನೋ?” ಎಂದಳು ದೂಜಾ. ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೆ ನಂಬಿಕೆಯಾಗಲಿಲ್ಲ.

ಒಳಗೆ ಹೋಗಿ, ತಾನು ಎಂದೂ ಮುಟ್ಟದ, ಗಂಡನ ಗ್ಯಾಸ್ ಒಲೆಯ ನಲ್ಲಿ ತಿರುಗಿಸಿ ಕಡ್ಡಿ ಗೀರಿದಳು.

“ಅತ್ತಿಗೆ, ಸಾವಿನ ಮನೇಲಿ ಬೆಂಕಿ—”

“ಗೊತ್ತು. ಸುಮ್ನಿರು.”

ನೀಲಿ ಬೆಂಕಿ ಎದ್ದಿತು. ಅವಳು ಎರಡು ಲೋಟ ಚಹಾ ಕಾಸಿ ಬಗ್ಗಿಸಿ, ಒಂದನ್ನು ಅವನ ಜಾಗದಲ್ಲಿಟ್ಟು, ಇನ್ನೊಂದನ್ನು ತುಟಿಗೆ ತಂದಳು. ಹಿತ್ತಲಲ್ಲಿ ಚೀಲ ಪೂರ್ತಿ ಏರಿತು, ಮತ್ತೆ ಇಳಿಯದೆ, ಅವಳ ಮೊದಲ ಗುಟುಕಿಗೆ ಕಾಯುತ್ತ ಹಾಗೇ ನಿಂತಿತು.