ಗೆದ್ದವರ ಸ್ಟೂಲು

ನಮ್ಮ ಗೇಮ್ ಅಂಗಡಿಯಲ್ಲಿ ಉಳಿದಿದ್ದ, ಇಬ್ಬರು ಕೂತು ಪರದೆಯ ಮೇಲೆ ಹೊಡೆದಾಡುವ ಒಂದೇ ಒಂದು ಫೈಟಿಂಗ್ ಯಂತ್ರವನ್ನು ಭಾನುವಾರ ಸಾಗಹಾಕುತ್ತೇನೆಂದು ಅಣ್ಣ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಅಂಗಡಿ ಅವನದು, ರಿಪೇರಿ ನನ್ನದು. ಹದಿನೆಂಟು ವರ್ಷದಿಂದ ಅದರ ಗುಂಡಿಗಳನ್ನು ಬದಲಿಸುತ್ತಾ ಬಂದವಳು ನಾನು.

ಆ ಜಾಗಕ್ಕೆ ಗೊಂಬೆ ಎತ್ತುವ ಯಂತ್ರ ಬರುತ್ತದಂತೆ. ಈಗಿನ ಜನ ಅಂಗಡಿಗೆ ಬರುವುದೇ ಗೊಂಬೆಗಾಗಿ, ಹೊಡೆದಾಡಬೇಕೆನಿಸಿದರೆ ಮನೆಯ ಸೋಫಾದಲ್ಲೇ ಕೂತು ಹೊಡೆದಾಡುತ್ತಾರೆ ಎಂದು ಅವನ ವಾದ. ಮಾತಿನಲ್ಲಿ ಅವನನ್ನು ಗೆದ್ದವರಿಲ್ಲ. ಯಂತ್ರದ ಹಿಂಬದಿ ಬಿಚ್ಚಿದೆ.

ತಪ್ಪು ಅಲ್ಲೇ ಇತ್ತು, ಅದೂ ನನ್ನದೇ. ನಾಣ್ಯ ಹೋಗಿ ಕಾರ್ಡು ಬಂದ ವರ್ಷ, ಉಳಿದ ಯಂತ್ರಗಳಂತೆ ಇದಕ್ಕೂ ಪ್ರತಿ ಆಟಕ್ಕೆ ಇಬ್ಬರೂ ಕಾರ್ಡು ಉಜ್ಜಬೇಕಾದ ಹಾಗೆ ಜೋಡಿಸಿಬಿಟ್ಟಿದ್ದೆ. ಫೈಟಿಂಗ್ ಆಟದ ಪದ್ಧತಿಯೇ ಬೇರೆ. ಸೋತವರು ಎದ್ದು ಜಾಗ ಬಿಡಬೇಕು, ಗೆದ್ದವರು ಪುಕ್ಕಟೆಯಾಗಿ ಆಡುತ್ತಾ ಕೂತಿರಬೇಕು. ಅವರ ಸೊಕ್ಕು ಇಳಿಸಬೇಕೆಂದೇ ಉಳಿದವರು ಸಾಲು ನಿಲ್ಲುವುದು. ಗೆದ್ದವರ ಮುಂದೆಯೂ ದುಡ್ಡಿಗೆ ಕೈಚಾಚಿದರೆ ಯಾರು ಬರುತ್ತಾರೆ? ಜನ ಆಟ ಬಿಟ್ಟಿರಲಿಲ್ಲ, ನಾವೇ ಎಬ್ಬಿಸಿ ಕಳಿಸಿದ್ದೆವು.

ಎರಡು ದಿನ ಹಲ್ಲು ಕಚ್ಚಿ ಕೂತು ವೈರಿಂಗ್ ಬದಲಿಸಿದೆ. ಹಳೇ ಗಿರಾಕಿಗಳಿಗೆಲ್ಲ ಫೋನ್ ಮಾಡಿ, ಹಳೇ ಪದ್ಧತಿ ವಾಪಸ್ ಬಂದಿದೆ, ಭಾನುವಾರ ಬನ್ನಿ ಎಂದೆ.

ಭಾನುವಾರ ಮಧ್ಯಾಹ್ನ ಲಾರಿ ಬಂದಾಗ ಸಾಲಿನಲ್ಲಿ ಏಳು ಜನರಿದ್ದರು. ಬಸ್ ಡ್ರೈವರ್ ಒಬ್ಬ ಮಗಳನ್ನೂ ಕರೆತಂದಿದ್ದ. ಗೆದ್ದವರ ಸ್ಟೂಲಿನ ಮೇಲೆ ಕೂತಿದ್ದವಳು ನಾನು.

“ಇದು ಒಂದು ದಿನದ ಸಡಗರ ಅಷ್ಟೆ. ಏಳು, ಲಾರಿಯವರು ಕಾಯ್ತಿದ್ದಾರೆ,” ಎಂದ ಅಣ್ಣ.

“ಸೋಲಿಸಿ ಎಬ್ಬಿಸು. ಸೋತ್ರೆ ನಾನೇ ಹೊತ್ತು ಲಾರಿಗೆ ಹಾಕ್ತೀನಿ. ನೀನು ಸೋತ್ರೆ ಇದು ಇಲ್ಲೇ ಇರ್ಬೇಕು.”

ಈ ಆಟವನ್ನು ನನಗೆ ಕಲಿಸಿದವನೇ ಅವನು, ಆ ಜಂಬದಲ್ಲಿ ಒಪ್ಪಿದ. ಆದರೆ ಸಾಲಿನವರು ದಾರಿ ಬಿಡಲಿಲ್ಲ, ಎಲ್ಲರ ಹಿಂದೆ ನಿಲ್ಲಿ ಎಂದರು. ತನ್ನ ಅಂಗಡಿಯಲ್ಲೇ ಅವನು ಮುಖ ಗಂಟಿಕ್ಕಿಕೊಂಡು ನಿಂತ.

ಅವನ ಸರದಿ ಬರುವವರೆಗೂ ನಾನು ಏಳುವಂತಿರಲಿಲ್ಲ. ಏಳೂ ಜನರನ್ನು ಕೆಡವಿದೆ. ಡ್ರೈವರನ ಮಗಳಂತೂ ನನ್ನ ಬೆವರಿಳಿಸಿಬಿಟ್ಟಳು. ಅಣ್ಣ ಪಕ್ಕಕ್ಕೆ ಬಂದು ಕೂರುವಾಗ ನನ್ನ ಹೆಬ್ಬೆರಳು ಮರಗಟ್ಟಿತ್ತು. ಅವನ ಕೈ ಏನೂ ಮರೆತಿರಲಿಲ್ಲ. ಮೊದಲ ಸುತ್ತು ಅವನದಾಯಿತು, ಎರಡನೆಯದು ನನ್ನದು. ಮೂರನೆಯದರಲ್ಲಿ ಪರದೆಯ ಮೇಲೆ ಅವನು ನೆಲಕ್ಕೆ ಬಿದ್ದಾಗ ನನ್ನಲ್ಲಿ ಒಂದು ಗೆರೆಯಷ್ಟೇ ಜೀವ ಉಳಿದಿತ್ತು.

ಅಣ್ಣ ಎದ್ದು ಲಾರಿಯವರಿಗೆ ಹೋಗಿ ಎಂದು ಕೈಸನ್ನೆ ಮಾಡಿದ. ಆಮೇಲೆ ನನ್ನ ಕಡೆ ತಿರುಗಿ, “ಅಲ್ಲೇ ಕೂತಿರು, ಮತ್ತೆ ಬರ್ತೀನಿ,” ಎಂದವನು ಮತ್ತೆ ಸಾಲು ಹಿಡಿದಿದ್ದ ಡ್ರೈವರನ ಮಗಳ ಹಿಂದೆ ಹೋಗಿ ನಿಂತುಕೊಂಡ.